ಒಂಟಿ ಪೈರು, ಒಂಬತ್ತು ಹೆಂಗಸರು

ಕಳೆದ ಶನಿವಾರ ಕುಣಿಗಲ್ಲಿನ ನಮ್ಮ ಗದ್ದೆಯ ಬದುವಿನ ಮೇಲೆ, ಶಾಮಿಯಾನದ ಕೆಳಗೆ, ಮೈಕಿನ ಮುಂದೆ ನಿಂತು ನಾಲ್ಕು ಮಾತಾಡಿದೆ. ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನಗಬೇಡಿ. ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಸೈನ್ಸ್ ಹೇಳಿಕೊಡುತ್ತಿರುವವಳು ನಾನು. ನಿಜ ಯಾವುದು ಎಂದು ಪತ್ತೆ ಹಚ್ಚುವುದು ಹೇಗೆ ಅನ್ನುವುದೇ ನನ್ನ ಒಂಬತ್ತನೇ ಕ್ಲಾಸಿನ ಮೊದಲ ಪಾಠ.

ನಡೆದದ್ದು ಇಷ್ಟು. ಕುಣಿಗಲ್ ಕೆರೆಯ ಕೆಳಗೆ ನಮ್ಮೆಜಮಾನರ ಪಾಲಿಗೆ ಬಂದ ಅರ್ಧ ಎಕರೆ ಗದ್ದೆ ಇದೆ. ನಾವಿರುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಭಾನುವಾರದ ಬೇಸಾಯ. ಈ ಸಲ ಕೆರೆಯಲ್ಲಿ ನೀರು ಕಡಿಮೆ, ಭತ್ತ ಹಾಕುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಕೃಷಿ ಸಹಾಯಕ ನಾಗರಾಜು ಮೊಪೆಡ್ಡಿನಲ್ಲಿ ಬಂದ. ಗುಬ್ಬಿ ಕಡೆಯ ಹುಡುಗ. ಸರ್ಕಾರದ ಹೊಸ ಪ್ರಾತ್ಯಕ್ಷಿಕೆಗೆ ಒಂದು ಗದ್ದೆ ಹುಡುಕುತ್ತಿದ್ದ.

"ಹನ್ನೆರಡು ದಿನದ ಎಳೇ ಪೈರು ಮೇಡಂ. ಗೇಣಿಗೊಂದು, ಒಂದೇ ಒಂದು. ನೀರು ನಿಲ್ಸಂಗಿಲ್ಲ, ಒಂದಷ್ಟು ದಿನ ಕಟ್ಟೋದು, ಒಂದಷ್ಟು ದಿನ ಒಣಗ್ಸೋದು. ಬೀಜ ಉಳೀತದೆ, ನೀರು ಉಳೀತದೆ. ಅಲ್ದೆ ನೀರು ನಿಂತ ಕೆಸರಿಂದ ಮೀಥೇನ್ ಏಳ್ತದಲ್ಲ, ಭೂಮಿ ಬಿಸಿ ಮಾಡೋದು, ಅದೂ ಕಮ್ಮಿ ಆಗ್ತದೆ."

ನಾನು ಬೋರ್ಡಿನ ಮೇಲೆ ಬರೆಯುವ ಮೀಥೇನ್ ನಮ್ಮದೇ ಗದ್ದೆಯಿಂದ ಎದ್ದು ಹೋಗುತ್ತಿದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಸಾಲು ಹಿಡಿಯುವ ಹಗ್ಗ ಫ್ರೀ, ಕಳೆ ತೆಗೆಯುವ ಯಂತ್ರ ಫ್ರೀ, ವಾರಕ್ಕೊಮ್ಮೆ ಬಂದು ನೋಡುವ ನಾಗರಾಜೂ ಫ್ರೀ. "ಸೈನ್ಸ್ ಟೀಚರ್ರು ನೀವೇ ಒಪ್ಪಲ್ಲ ಅಂದ್ರೆ ಇನ್ಯಾರು ಒಪ್ತಾರೆ ಮೇಡಂ?" ಎಂದ. ನಾನು ಉಬ್ಬಿದೆ. (ಹೊಗಳಿಕೆಗೆ ಉಬ್ಬದ ಟೀಚರನ್ನು ನೀವು ನೋಡಿದ್ದರೆ ತಿಳಿಸಿ.)

ನಾಟಿಗೆ ಬಂದದ್ದು ಗೌರಮ್ಮನ ತಂಡ. ಒಂಬತ್ತು ಜನ. ಆ ಬಯಲಿನಲ್ಲಿ ಗೌರಮ್ಮನ ಕೈ ಬೀಳದ ಗದ್ದೆಯಿಲ್ಲ. ನಾಗರಾಜು ತಟ್ಟೆಯಲ್ಲಿ ತಂದ ಎಳೇ ಪೈರು ನೋಡಿ ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಇದೇನ್ ಟೀಚರಮ್ಮ, ಪೈರೋ ಗರಿಕೇನೋ?"

"ಒಂದೊಂದೇ ನೆಡಬೇಕಂತೆ ಗೌರಮ್ಮ."

"ಉಣ್ಣಾಕ್ ಕುಂತೋರಿಗೇ ಒಂದೇ ಸೌಟು ಇಕ್ಕಬಾರ್ದು ಅಂತಾರೆ. ಭೂಮ್ತಾಯಿಗೆ ಒಂದೇ ಪೈರಾ? ಆಯ್ತು ಬುಡಿ, ನಿಮ್ಮ ಗದ್ದೆ, ನಿಮ್ಮಿಷ್ಟ."

ನೆಟ್ಟರು. ಹಗ್ಗದ ಗುರುತಿಗೆ ಸರಿಯಾಗಿ, ಮುಖ ಸಿಂಡರಿಸಿಕೊಂಡೇ ನೆಟ್ಟರು. ಸಂಜೆ ಹೊತ್ತಿಗೆ ನೋಡಿದರೆ ಗದ್ದೆಯಲ್ಲಿ ಪೈರಿಗಿಂತ ಕೆಸರೇ ಹೆಚ್ಚು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕು ಹೋದರು. ನನಗೆ ಅಳುವೇ ಬಂದಂತಾಯಿತು. ಬಸ್ಸು ಹತ್ತಿ ತುಮಕೂರಿಗೆ ಬಂದುಬಿಟ್ಟೆ.

ಎರಡು ವಾರ ಬಿಟ್ಟು ಹೋದರೆ ಗದ್ದೆ ತುಂಬಿಕೊಂಡಿದೆ! ಹಸಿರೋ ಹಸಿರು. ನನಗೆ ಕುಣಿಯುವಷ್ಟು ಖುಷಿ. ವಿಜ್ಞಾನ ಗೆದ್ದಿತು ಎಂದು ಸ್ಟಾಫ್ ರೂಮಿನಲ್ಲಿ ವಾರವಿಡೀ ಕೊಚ್ಚಿಕೊಂಡೆ. ನಾಗರಾಜು ಕ್ಯಾಮೆರಾದ ರೀಲು ಮುಗಿಯುವ ತನಕ ಫೋಟೊ ತೆಗೆದ. ಆದರೆ ಅವನು ಹೆಚ್ಚು ಮಾತಾಡಲಿಲ್ಲ. ನಾಚಿಕೆ ಸ್ವಭಾವ ಅಂದುಕೊಂಡೆ.

ತೆನೆ ಬಾಗಿದ ಮೇಲೆ ಕ್ಷೇತ್ರೋತ್ಸವ. ಅಂದರೆ ಸುತ್ತಮುತ್ತಲ ರೈತರನ್ನು ಕರೆದು, ಬೆಳೆ ತೋರಿಸಿ, ಉಪ್ಪಿಟ್ಟು ಕೊಟ್ಟು ಕಳಿಸುವ ಕಾರ್ಯಕ್ರಮ. ಅದೇ ಕಳೆದ ಶನಿವಾರ. ತುಮಕೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಬದುವಿನ ಮೇಲೆ ಕಾಫಿ ಕುಡಿಯುತ್ತಿದ್ದೆ. ಗೌರಮ್ಮ ಹತ್ತಿರ ಬಂದಳು.

"ಟೀಚರಮ್ಮ, ಒಂದ್ ಮಾತು. ಬಯ್ಯಬಾರ್ದು."

"ಏನು ಗೌರಮ್ಮ?"

"ಇವತ್ತು ಬುಡ ಕಿತ್ತು ಎಲ್ರಿಗೂ ತೋರುಸ್ತಾರಂತಲ್ಲ. ಬುಡದಲ್ಲಿ ಮೂರ್ ಮೂರು ಕಂಡ್ರೆ ನಿಮ್ಗೆ ಅವಮಾನ ಆಯ್ತದೆ ಅಂತ ಹೇಳ್ತಿದೀನಿ."

ಲೋಟ ಕೆಳಗಿಟ್ಟು, ಸರಿಯಾಗಿ ಹೇಳು ಅಂದೆ. ನಾಟಿಯಾದ ನಾಲ್ಕನೇ ದಿನ ಪಕ್ಕದ ಗದ್ದೆಯಲ್ಲಿ ಇದೇ ತಂಡ ನಾಟಿ ಮಾಡಿತ್ತಂತೆ. ಅದು ರಹಮತ್ ಸಾಬರ ಗದ್ದೆ. ಅಲ್ಲಿ ಪೈರು ಮಿಕ್ಕಿತು. ಒಂಬತ್ತೂ ಜನ ನಮ್ಮ ಗದ್ದೆಗೆ ಇಳಿದು, ಒಂದೊಂದು ಒಂಟಿ ಪೈರಿನ ಪಕ್ಕದಲ್ಲೂ ಎರಡೆರಡು ಸೇರಿಸಿಬಿಟ್ಟಿದ್ದಾರೆ.

"ಯಾಕೆ ಗೌರಮ್ಮ? ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಗದ್ದೆ ಬೋಳ್ ಬೋಳಾಗಿತ್ತು. ನೀವು ತುಮ್ಕೂರ್ ಬಸ್ ಹತ್ತಿದ್ರಿ. ನೆಟ್ಟೋರ್ ಯಾರು ಅಂದ್ರೆ ಜನ ನಮ್ಮುನ್ ತೋರುಸ್ತಾರೆ. ನೀವು ಮೊಕ ಚಿಕ್ಕದ್ ಮಾಡ್ಕೊಂಡು ಹೋಗಿದ್ದು ನೋಡಿ ನಂಗೆ ಅಯ್ಯೋ ಪಾಪ ಅನ್ನುಸ್ತು ಕಣವ್ವ."

ಕೂಲಿ ಕೇಳಿಲ್ಲ. ಹೇಳಿಯೂ ಇಲ್ಲ. ಕನಿಕರಕ್ಕೆ ಮಾಡಿದ ಕೆಲಸ. ಅವಳನ್ನು ಬಯ್ಯಲೋ, ತಬ್ಬಿಕೊಳ್ಳಲೋ? ನನಗೆ ಎರಡೂ ಒಟ್ಟಿಗೇ ಅನ್ನಿಸಿತು.

"ಪೂರ್ತಿ ಗದ್ದೆಗಾ?"

"ಇಲ್ಲ, ಹೊತ್ತು ಮುಳುಗೋಗಂಟ ಎಷ್ಟಾಯ್ತೋ ಅಷ್ಟು. ಕಾಲುವೆ ಮೂಲೆ ಉಳ್ಕಂಡ್ತು."

"ಬೇವಿನ ಮರದ್ ಕಡೇನೂ ಉಳ್ದಿತ್ತು" ಎಂದಳು ಪಕ್ಕದಲ್ಲಿದ್ದವಳು. "ಇಲ್ಲ ಕಣೇ, ಅಲ್ಲಿ ನಾನೇ ಹಾಕಿವ್ನಿ" ಎಂದಳು ಇನ್ನೊಬ್ಬಳು. ಇಬ್ಬರಿಗೂ ಜಗಳವೇ ಹತ್ತಿತು. ಅಷ್ಟರಲ್ಲಿ ಜೀಪು ಬಂತು.

ನನ್ನ ತಲೆ ಮೊಸರುಗಡಿಗೆಯಾಯಿತು. ಬೆಳೆ ಚೆನ್ನಾಗಿದೆ, ಸರಿ. ಯಾವುದರಿಂದ? ಒಂಟಿ ಪೈರಿನಿಂದಲೋ, ಗೌರಮ್ಮನ ಮೂರು ಪೈರಿನಿಂದಲೋ, ಒಣಗಿಸಿ ನೀರು ಕಟ್ಟಿದ್ದರಿಂದಲೋ, ಕಳೆ ಯಂತ್ರದಿಂದಲೋ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಬೇಕು ಮಕ್ಕಳೇ ಎಂದು ವರ್ಷ ವರ್ಷ ಅರಚುವವಳು ನಾನು. ನನ್ನ ಗದ್ದೆಯಲ್ಲೇ ಎಲ್ಲವೂ ಕಲಸುಮೇಲೋಗರ.

ಸಾಹೇಬರ ಭಾಷಣವಾಯಿತು. ನಾಗರಾಜು ಗದ್ದೆಗೆ ಇಳಿದ. ಎದುರಿಗೇ ಅಷ್ಟು ಬೆಳೆಯಿದ್ದರೂ ಎಲ್ಲ ದಾಟಿಕೊಂಡು ನೇರ ಕಾಲುವೆ ಮೂಲೆಗೆ ಹೋಗಿ ಒಂದು ಬುಡ ಕಿತ್ತು ತಂದ. ಒಂದೇ ಪೈರು, ಅದರ ಬುಡದಿಂದಲೇ ಒಂದು ಹಿಡಿಗೆ ಸಿಗದಷ್ಟು ತೆಂಡೆ ಒಡೆದಿದೆ. ಜನ ಹೋ ಎಂದರು. ಗೌರಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಆ ಮೂಲೆಗೆ ಕಾಲುವೆ ಗೋಡು ಮಣ್ಣು ಬಂದು ಬೀಳ್ತದೆ. ಅಲ್ಲಿ ಕಲ್ಲು ನೆಟ್ರೂ ಬೆಳೀತದೆ."

ಆಮೇಲೆ ಮೈಕು ನನ್ನ ಕೈಗೆ ಬಂತು. ಬಾಯಿ ತೆರೆಯುವ ಮೊದಲೇ ರಹಮತ್ ಸಾಬರು ಎದ್ದು ನಿಂತರು. ಬಸ್ ಸ್ಟ್ಯಾಂಡ್ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರುವವರು. ಒಂದು ಎಕರೆ ಗದ್ದೆ, ಹನ್ನೊಂದು ಜನರ ಮನೆ, ವರ್ಷದ ಅನ್ನ ಆ ಗದ್ದೆಯದೇ. ಅವರ ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದು ನಮ್ಮ ಸ್ಕೂಲಿನಲ್ಲೇ ಓದುವ ನನ್ನ ಸ್ಟೂಡೆಂಟು.

"ಮೇಡಂ, ನೀವು ಹೇಳಿದ್ರೆ ಸಾಕು. ಬರೋ ಸಲ ಎಕರೆಗೆ ಎಕರೇನೂ ಒಂದೇ ಪೈರು ಹಾಕ್ಬಿಡ್ಲಾ?"

ಸಾಹೇಬರು ನನ್ನನ್ನೇ ನೋಡುತ್ತಿದ್ದಾರೆ. ನಾಗರಾಜು ನೆಲ ನೋಡುತ್ತಿದ್ದಾನೆ. ನಿಜ ಹೇಳಿದರೆ ಆ ಹುಡುಗನ ನಾಲ್ಕು ತಿಂಗಳ ಓಡಾಟ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಹೇಳದಿದ್ದರೆ ಸಾಬರ ಮನೆಯ ಅನ್ನದ ಪ್ರಶ್ನೆ. "ಬೆಳೆ ಚೆನ್ನಾಗಿ ಬಂದಿದೆ. ನೀರು ಉಳಿದಿದೆ. ನೀವು ಮೊದಲು ಒಂದು ಮಡಿಯಲ್ಲಿ ಹಾಕಿ ನೋಡಿ" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಪ್ಪಾಳೆ ಬಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಜೀಪು ಹೋದ ಮೇಲೆ ನಾಗರಾಜುವನ್ನು ಕರೆದು ಎಲ್ಲವನ್ನೂ ಹೇಳಿದೆ. ಅವನು ಉಪ್ಪಿಟ್ಟಿನ ಎಲೆ ಮಡಚುತ್ತಾ ಹೇಳಿದ: "ಗೊತ್ತಿತ್ತು ಮೇಡಂ. ನಾನೂ ಬೇಸಾಯ್ದೋರ್ ಮಗ. ಒಂದೇ ವಾರಕ್ಕೆ ಕಂಡ್ತು."

"ಮತ್ತೆ ಯಾಕಪ್ಪಾ ಹೇಳಲಿಲ್ಲ?"

"ನೀವೇ ಧೈರ್ಯ ಸಾಲ್ದೆ ತುಂಬ್ಸಿದ್ರಿ ಅಂದ್ಕೊಂಡೆ. ಕೇಳಿದ್ರೆ ನಿಮ್ಗೆ ಬೇಜಾರಾಗ್ತದೆ ಅಂತ ಸುಮ್ನಾದೆ. ಆದ್ರೆ ಒಂಟಿ ಪೈರು ಸುಳ್ಳಲ್ಲ ಮೇಡಂ. ಬೇರೆ ಕಡೆ ಕಣ್ಣಾರೆ ನೋಡಿದೀನಿ."

ಅವನನ್ನು ನಂಬಿದೆ. ಆದರೂ ನಮ್ಮ ಗದ್ದೆಯ ಸಾಕ್ಷಿ ಅವನಿಗೂ ಇಲ್ಲ, ನನಗೂ ಇಲ್ಲ. ಆಮೇಲೆ ನಾನೇ ಸೀರೆ ಎತ್ತಿ ಕಟ್ಟಿ ಇಳಿದು ನಾಲ್ಕು ಬುಡ ಕಿತ್ತು ನೋಡಿದೆ. ಬೇರು ಬುಡವೆಲ್ಲ ಹೆಣೆದುಕೊಂಡು ಒಂದೋ ಮೂರೋ ನನ್ನ ಕಣ್ಣಿಗೆ ತಿಳಿಯಲಿಲ್ಲ.

ಬಸ್ಸಿಗೆ ಮೊದಲು ಸಾಬರ ಅಂಗಡಿಗೆ ಹೋದೆ. ಹೇಳದೆ ಊರಿಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಅವರು ಪೂರ್ತಿ ಕೇಳಿದರು.

"ಬೆಳೆ ಬಂತಾ ಮೇಡಂ?"

"ಬಂತು."

"ನಿಮ್ ಗದ್ದೆಗೆ ನಮ್ಗಿಂತ ಕಮ್ಮಿ ನೀರು ಬಿಟ್ಟಿದ್ದು ನಿಜ ತಾನೆ?"

"ನಿಜ."

"ಅಷ್ಟೇ ಸಾಕು ನಂಗೆ. ನಮ್ದು ಪೂರ್ತಿ ಎಕರೆ ಒಂದೇ ಪೈರು. ನಾಗರಾಜು ಅವರ್ನ ಬರಕ್ಕೆ ಹೇಳಿದೀನಿ. ನಾಟಿಗೆ ಗೌರಮ್ಮನ್ನೂ ಈಗ್ಲೇ ಒಪ್ಸಿದೀನಿ."

"ಗೌರಮ್ಮನನ್ನಾ! ಅವಳು ಏನಂದಳು?"

"ಹೆಂಗ್ ಹೇಳಿದ್ರೆ ಹಂಗೇ ನೆಡ್ತೀನಿ ಸಾಬ್ರೆ, ಅಂದ್ಲು."

ನನಗೂ ಅವಳು "ನಿಮ್ಮ ಗದ್ದೆ, ನಿಮ್ಮಿಷ್ಟ" ಅಂದೇ ನೆಟ್ಟಿದ್ದಳು. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ನೀವೇ ಹೇಳಿ: ಹನ್ನೊಂದು ಜನರ ಅನ್ನದ ಆ ಗದ್ದೆಯ ಮೇಲೆ ಗೌರಮ್ಮನಿಗೆ ಕನಿಕರ ಹುಟ್ಟಲಿ ಎಂದು ಬೇಡಿಕೊಳ್ಳಲೋ, ಹುಟ್ಟದೇ ಇರಲಿ ಎಂದೋ?