ಸೊಸೆ ಸಂಬಳದವಳೋ, ಪಾಲಿನವಳೋ

ನನ್ನ ಸೊಸೆ ಹಿರಿಯೂರಿನಲ್ಲಿ ಪಾರ್ಸಲ್ ಹಂಚುತ್ತಾಳೆ. ಜನ ಮೊಬೈಲಿನಲ್ಲಿ ಕೊಂಡ ಸೀರೆ, ಚಪ್ಪಲಿ, ಮಿಕ್ಸಿ ಜಾರು, ಕೊನೆಗೆ ಸೊಳ್ಳೆ ಹೊಡೆಯುವ ಬ್ಯಾಟಿನವರೆಗೂ ಎಲ್ಲವೂ ಊರಾಚೆಯ ಒಂದು ಗೋಡೌನಿಗೆ ಬಂದು ಬೀಳುತ್ತವೆ. ಅದನ್ನು ಸ್ಕೂಟರಿಗೆ ಕಟ್ಟಿದ ದೊಡ್ಡ ಚೀಲದಲ್ಲಿ ತುಂಬಿಕೊಂಡು ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಸೇರಿ ಎರಡು ವರ್ಷದ ಮೇಲಾಯಿತು. ಸೇರುವಾಗ ಬೇಡ ಅಂದವಳು ನಾನೇ. ಹೆಣ್ಣುಮಗಳು ಸ್ಕೂಟರ್ ಮೇಲೆ ತಿರುಗಿದರೆ ಜನ ಏನಂದಾರು ಎಂದಲ್ಲ. ನಾನೇ ಮದುವೆಗೆ ಮುಂಚೆ ಅಪ್ಪನ ಕುರಿಗಳ ಹಿಂದೆ ಊರೂರು ತಿರುಗಿದವಳು. ಮುಸುರೆ ಪಾತ್ರೆಯೆಲ್ಲ ನನ್ನ ತಲೆಗೆ ಬರುತ್ತದಲ್ಲ ಎಂದು ಬೇಡ ಅಂದೆ. ಅವಳು ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು.

ಆ ಕೆಲಸ ಅವಳಿಗೆ ಒಗ್ಗಿತು. ಮನೆಯಲ್ಲಿ ಮಾತಿಗೆ ಮಾತು ಸೇರಿಸದವಳು ಸಂಜೆ ಬಂದರೆ ಯಾರ ಮನೆಯಲ್ಲಿ ಏನು ತರಿಸಿಕೊಂಡರು ಎಂದು ಹೇಳಿ ಹೇಳಿ ನಗುತ್ತಿದ್ದಳು. ನನ್ನ ಮಗ, ಅಂದರೆ ಅವಳ ಗಂಡ, ಬೀದಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಅವನ ಮುಖದ ತುಂಬ ರಾಗಿ ಹಿಟ್ಟು, ಇವಳ ಮುಖದ ತುಂಬ ರಸ್ತೆಯ ಧೂಳು. ಇಬ್ಬರೂ ಒಟ್ಟಿಗೆ ಮುಖ ತೊಳೆಯಲು ಹೋದರೆ ಬಚ್ಚಲಲ್ಲಿ ಜಾಗ ಇರುತ್ತಿರಲಿಲ್ಲ.

ಹೋದ ವರ್ಷ ದೀಪಾವಳಿ ಹತ್ತಿರ ಬಂದಾಗ ಪಾರ್ಸಲ್ ದುಪ್ಪಟ್ಟಾಯಿತು. ಬೆಳಿಗ್ಗೆ ಎಂಟಕ್ಕೆ ಹೋದವಳು ಐದಕ್ಕೆ ಬರುವುದು ಬಿಟ್ಟು ಏಳೂವರೆ, ಎಂಟಕ್ಕೆ ಬರತೊಡಗಿದಳು. ದುಡ್ಡು ಪಾರ್ಸಲ್ ಲೆಕ್ಕ. ಮನೆಗೆ ಬೀಗ ಇದ್ದರೆ ಮತ್ತೆ ಹೋಗಬೇಕು, ಮೂರು ಸಲ ಹೋದರೂ ಕೊಟ್ಟರೆ ಮಾತ್ರ ದುಡ್ಡು. ಹಬ್ಬ ಮುಗಿದರೂ ಆ ಹೊತ್ತು ಹಿಂದಕ್ಕೆ ಬರಲಿಲ್ಲ. ಎಂಟು ಗಂಟೆ ಎಂಬುದು ಮಾಮೂಲಾಯಿತು. ಮಗ ಒಂದು ದಿನ ತಟ್ಟೆ ಮುಂದೆ ಕುಳಿತು ಅಂದ:

"ಬಿಟ್ಬಿಡು ಅತ್ಲಾಗೆ. ಪುಕ್ಕಟೆ ದುಡಿಯಾಕೆ ನಮ್ಮನೇಲೇ ಗಿರಣಿ ಐತೆ."

"ಬಿಡಲ್ಲ," ಅಂದಳು ಅವಳು.

"ಹಂಗಾದ್ರೆ ಐದರ ಮ್ಯಾಲಿನ ಹೊತ್ತಿಗೆ ಕೂಲಿ ಕೇಳು. ಕೊಡಲ್ಲ ಅಂದ್ರೆ ಯುಗಾದಿಗೆ ಗಾಡಿ ನಿಲ್ಸು."

ಅವಳು ಒಪ್ಪಿದಳು. ಒಪ್ಪುವಾಗ ಮುಖ ಸಣ್ಣದಾಯಿತು. ಕೆಲಸ ಉಳಿಯಬೇಕಾದರೆ ಗೋಡೌನಿನವನಿಂದ ಕೂಲಿ ಬರಬೇಕು, ಇಲ್ಲವಾದರೆ ಗಿರಣಿಯಲ್ಲಿ ಕುಳಿತು ಹಿಟ್ಟು ಜರಡಿ ಹಿಡಿಯಬೇಕು. ಅಷ್ಟೇ ವಿಷಯ.

ಕೇಳುವ ಮೊದಲು ಅವಳು ಬೇಗ ಮುಗಿಸುವ ದಾರಿ ಹುಡುಕಿದಳು. ಹಳ್ಳಿಗಳಲ್ಲಿ ಹೊತ್ತು ಹೋಗುತ್ತಿದ್ದದ್ದು ಮನೆ ಹುಡುಕುವುದರಲ್ಲಿ. ಪಾರ್ಸಲ್ ಮೇಲೆ ಹೆಸರು, 'ಹರಿಯಬ್ಬೆ, ದೇವಸ್ಥಾನದ ಹಿಂದೆ' ಎಂದಷ್ಟೇ ಇರುತ್ತದೆ. ಒಂದೇ ಹೆಸರಿನವರು ಊರಿಗೆ ಐದು ಜನ. ಹರಿಯಬ್ಬೆ ನನ್ನ ತವರು. ಯಾರ ಮನೆ ಎಲ್ಲಿ, ಯಾರಿಗೆ ಯಾವ ಅಡ್ಡಹೆಸರು ಎಂಬುದು ನನ್ನ ಬಾಯಲ್ಲಿದೆ.

"ಅತ್ತೆ, ಬರ್ರಿ ಹೋಗಾಣ. ಹಿಂದೆ ಕುಂತ್ಕಂಡು ದಾರಿ ಹೇಳ್ರಿ ಸಾಕು," ಅಂದಳು.

ಹೋದೆ. ದಾರಿ ಹೇಳಿ ಸುಮ್ಮನಿರಲಿಲ್ಲ. ಅವಳು ಒಂದು ಬೀದಿಗೆ ಹೋದರೆ ನಾನು ನಾಲ್ಕು ಡಬ್ಬ ಹಿಡಿದು ಇನ್ನೊಂದು ಬೀದಿಗೆ ಹೋದೆ. ಕೊಟ್ಟಿದ್ದಕ್ಕೆ ಗುರುತಾಗಿ ಫೋಟೋ ಬೇಕಲ್ಲ, ಆ ಮನೆ ಮಕ್ಕಳ ಕೈಲಿ ಹೊಡೆಸಿ ಇವಳ ಫೋನಿಗೆ ಕಳಿಸಿದೆ. ಎಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ನಮ್ಮಣ್ಣನ ಮನೆಯಲ್ಲಿ ಉಂಡು ಬಂದೆವು. ಅಷ್ಟು ಖುಷಿಯ ದಿನ ನನಗೆ ಇತ್ತೀಚೆಗೆ ಸಿಕ್ಕಿರಲಿಲ್ಲ.

ಮರುದಿನ ಗೋಡೌನಿನವನು ಇವಳಿಗೆ ಉಗಿದ. ಅವನು ದೊಡ್ಡ ಕಂಪನಿಯವನಲ್ಲ, ಕಂಪನಿಯಿಂದ ಗುತ್ತಿಗೆ ಹಿಡಿದ ಊರಿನವನೇ. ಫೋಟೋದಲ್ಲಿ ಪಾರ್ಸಲ್ ಜೊತೆ ಒಂದು ಮುದುಕಿ ನಿಂತಿದ್ದಾಳೆ, ಯಾರಿವಳು ಎಂದು ಮೇಲಿನವರು ಕೇಳಿದರಂತೆ. ಅರ್ಧ ದಿನ ಇವಳಿಗೆ ಪಾರ್ಸಲ್ಲೇ ಕೊಡದೆ ಸುಮ್ಮನೆ ಕೂರಿಸಿದ.

ಕೂರಿಸಿದ್ದು ಹೇಗೂ ಕೂರಿಸಿದ್ದಾನೆ ಎಂದು ಇವಳು ಆವತ್ತೇ ಐದರ ಮೇಲಿನ ಕೂಲಿ ಕೇಳಿದಳು. ಅವನು ಏನಂದ ಎಂದು ಮನೆಗೆ ಬಂದು ಹೇಳಿದಳು:

"ಓಟಿ, ಅದೇ ಹೆಚ್ಚಿನ ಹೊತ್ತಿನ ಕೂಲಿ, ಕೆಲಸಗಾರ್ರಿಗೆ ಮಾತ್ರವಂತೆ ಅತ್ತೆ. ನೀವು ಕೆಲಸಗಾರ್ರಲ್ಲ, ಪಾರ್ಟ್ನರು ಅಂದ್ರು. ಸೇರುವಾಗ ಮೊಬೈಲಲ್ಲಿ ಹಂಗಂತ ಒಪ್ಪಿಗೆ ಒತ್ತಿದ್ದೀನಂತೆ."

"ಪಾರ್ಟ್ನರಂದ್ರೆ?"

"ಪಾಲುದಾರ್ರು. ನಾನು ಯಾರ ಕೈ ಕೆಳಗೂ ಇಲ್ಲ, ನನ್ನ ಯವಾರ ನಂದು ಅಂತ."

ಪಾಲು ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಪ್ಪನ ಕಾಲದಲ್ಲಿ ಕುರಿ ಕಾಯುವವರು ಎರಡು ಬಗೆ. ಪಾಲಿನವನು ಬೇರೆಯವರ ಕುರಿಯನ್ನು ತನ್ನ ಹಟ್ಟಿಗೆ ಹೊಡೆದುಕೊಂಡು ಹೋಗಿ ಸಾಕುತ್ತಾನೆ, ಹುಟ್ಟಿದ ಮರಿಯಲ್ಲಿ ಅರ್ಧ ಅವನದು. ಎಲ್ಲಿ ಮೇಯಿಸಬೇಕು, ಯಾವತ್ತು ಹೊರಡಬೇಕು ಎಂಬುದು ಅವನಿಗೆ ಬಿಟ್ಟದ್ದು, ಒಡೆಯ ಬಾಯಿ ಹಾಕುವಂತಿಲ್ಲ. ಸಂಬಳದವನು ಹಾಗಲ್ಲ. ಒಡೆಯ ಕೆರೆ ಕಡೆ ಹೊಡಿ ಎಂದರೆ ಕೆರೆ ಕಡೆ, ಗುಡ್ಡ ಎಂದರೆ ಗುಡ್ಡ. ಅದಕ್ಕೆ ಬದಲಾಗಿ ಸಂಬಳ, ಊಟ, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಮೆಟ್ಟು ಒಡೆಯನ ಮೇಲೆ. ಯಾರಾದರೂ ತಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿಕೊಂಡರೆ, ಅಲ್ಲಿ ಕಾವಲು ಮಲಗಿದವನಿಗೆ ಸಂಬಳವಲ್ಲದೆ ಬೇರೆ ರಾಗಿ. ಮಾತು ಒಡೆಯನದು, ಖರ್ಚು ಆಳಿನದು ಎಂಬ ಮೂರನೆಯ ಬಗೆಯನ್ನು ನಾನು ಕಂಡಿರಲಿಲ್ಲ.

"ಪಾಲುದಾರ್ತಿ ಆದ್ರೆ ನಾಳೆ ಹತ್ತಕ್ಕೆ ಹೋಗು ನೋಡಾಣ," ಅಂದೆ.

"ಎಂಟು ದಾಟಿದ್ರೆ ದಂಡ ಹಾಕ್ತಾರೆ."

"ಮೈಮೇಲಿನ ಈ ಕಂಪನಿ ಅಂಗಿ?"

"ಅವ್ರದ್ದೇ ಹಾಕ್ಬೇಕು. ದುಡ್ಡು ನಂದು."

"ಪೆಟ್ರೋಲು? ಪಂಚರ್ರು?"

"ಅವೂ ನಂದೇ."

"ಹುಲ್ಲು ನಿಂದು, ಮರಿ ಅವ್ನದು. ಇದೆಂಥಾ ಪಾಲು ಕಣೇ? ನಮ್ಮಪ್ಪ ಇದ್ದಿದ್ರೆ ಕೋಲ್ ತಗಂಡು ಹೋಗಿರೋನು."

ನಾನು ಕೋಲು ತೆಗೆದುಕೊಳ್ಳಲಿಲ್ಲ. ಗಿರಣಿಗೆ ಬರುವ ಒಬ್ಬ ಮೇಷ್ಟ್ರು ಚಿತ್ರದುರ್ಗದ ಲೇಬರ್ ಆಫೀಸಿಗೆ ಹೋಗಿ ಎಂದರು. ಬಸ್ಸು ಹೆಂಗಸರಿಗೆ ಫ್ರೀ. ಅವಳು ಒಂದು ದಿನ ರಜೆ ಹಾಕಿದಳು, ನಾನು ಒಳ್ಳೆಯ ಸೀರೆ ಉಟ್ಟೆ.

ಅಲ್ಲಿದ್ದ ಅಧಿಕಾರಿ ಹೆಣ್ಣುಮಗಳು, ಕನ್ನಡಕದವಳು. ಕುಂತ್ಕಳ್ರಿ ಎಂದು ಕುರ್ಚಿ ತೋರಿಸಿದಳು. ಮೊಬೈಲಲ್ಲಿ ಏನು ಬರೆದಿದೆ ಎಂಬುದಷ್ಟೇ ಮುಖ್ಯವಲ್ಲ, ಕೆಲಸ ನಡೆಯುವುದು ಹೇಗೆ ಎಂದು ಹೇಳಿ ಎಂದಳು. ಹೊತ್ತು ಯಾರು ಹೇಳುತ್ತಾರೆ, ದರ ಯಾರು ಕಟ್ಟುತ್ತಾರೆ, ಅಂಗಿ ಯಾರದ್ದು, ಬೇಡದ ಪಾರ್ಸಲ್ ಬಿಡಬಹುದೋ. ಒಂದೊಂದಕ್ಕೂ ನನ್ನ ಸೊಸೆ ನೆಟ್ಟಗೆ ಉತ್ತರ ಕೊಟ್ಟಳು, ಆಕೆ ಬರೆದುಕೊಂಡಳು. ಆಮೇಲೆ ಕೇಳಿದಳು:

"ನಿಮಗೆ ಹುಷಾರಿಲ್ಲ ಅಂದ್ರೆ ನಿಮ್ಮ ಬದಲು ಮನೆಯವರನ್ನ ಯಾರನ್ನಾದ್ರೂ ಕಳಿಸಬಹುದಾ?"

ಸೊಸೆ ಬಾಯಿ ತೆಗೆಯುವ ಮೊದಲೇ ನಾನು ಅಂದೆ:

"ಯಾಕಾಗಲ್ಲ ಮೇಡಂ? ಹರಿಯಬ್ಬೇಲಿ ನಾನೇ ಬೀದಿ ಬೀದಿ ಹೋಗಿ ಕೊಟ್ಟೀನಿ. ಒಂದು ಡಬ್ಬಾನೂ ತಪ್ಪಲಿಲ್ಲ."

ನಮ್ಮಲ್ಲಿ ಕುರಿ ಕಾಯುವವನಿಗೆ ಜ್ವರ ಬಂದರೆ ಅವನ ಅವ್ವ ಹೋಗುತ್ತಾಳೆ, ಇಲ್ಲ ಹೆಂಡತಿ ಹೋಗುತ್ತಾಳೆ. ಒಬ್ಬರು ಕೆಲಸ ಒಪ್ಪಿಕೊಂಡರೆ ಮನೆಯೇ ಒಪ್ಪಿಕೊಂಡ ಹಾಗೆ. ನಾನು ಸೊಸೆಯ ಕೆಲಸ ಹಾಳಾಗಲು ಬಿಡುವವಳಲ್ಲ ಎಂದು ತೋರಿಸಲು ಹೊರಟಿದ್ದೆ. ಅಧಿಕಾರಿಯ ಪೆನ್ನು ನಿಂತಿತು.

"ಅಜ್ಜಿ, ನೀವು ಹೇಳಿದ್ದನ್ನ ಬರ್ಕೊಂಡ್ರೆ ಅವರ ಮಾತೇ ಗೆಲ್ಲುತ್ತೆ. ಯಾರನ್ನ ಬೇಕಾದ್ರೂ ಕಳಿಸಬಹುದು ಅಂದ್ರೆ ಅದು ಇವರದ್ದೇ ವ್ಯವಹಾರ. ಇವರೇ ಬರಬೇಕು ಅಂದ್ರೆ ನೌಕರಿ."

ನನಗೆ ಕುರ್ಚಿಯೊಳಗೇ ಇಳಿದು ಹೋದ ಹಾಗಾಯಿತು. ಸೊಸೆ ನನ್ನ ಕಡೆ ನೋಡಲೂ ಇಲ್ಲ. ಫೋನು ತೆಗೆದು ಮೇಜಿನ ಮೇಲಿಟ್ಟಳು.

"ಅತ್ತೆ ಕೊಟ್ಟಿದ್ದು ನಿಜ ಮೇಡಂ. ಅದಕ್ಕೇ ನನ್ನ ಅರ್ಧ ದಿನ ಕೂರ್ಸಿದ್ರು. ಅವತ್ತೇ ಎಲ್ಲಾರ ಗ್ರೂಪಿಗೂ ಇದನ್ನ ಹಾಕಿದ್ರು, ಓದ್ರಿ."

ಅಧಿಕಾರಿ ಜೋರಾಗಿ ಓದಿದಳು: ಪಾರ್ಸಲ್ಲನ್ನು ಮನೆಯವರಿಗಾಗಲಿ ಬೇರೆಯವರಿಗಾಗಲಿ ಕೊಟ್ಟು ಕಳಿಸಿದರೆ ಕೆಲಸದಿಂದ ತೆಗೆಯಲಾಗುವುದು. ಓದಿ ನಕ್ಕಳು.

"ಪಾಲುದಾರರನ್ನ ಕೆಲಸದಿಂದ ತೆಗೆಯೋದು ನಾನು ಎಲ್ಲೂ ಕೇಳಿಲ್ಲ," ಎಂದು ಬರೆಯಲು ಶುರು ಮಾಡಿದಳು.

ವಾಪಸ್ ಬರುವಾಗ ಬಸ್ಸು ಐಮಂಗಲ ದಾಟಿದ ಮೇಲೆ ಸೊಸೆ ನನ್ನ ಕಡೆ ತಿರುಗಿದಳು. "ಅತ್ತೆ, ಇನ್ನೊಂದ್ಸಲ ಆಫೀಸಿಗೆ ಬಂದ್ರೆ ಬಾಯಿಗೆ ಎಲೆ-ಅಡಿಕೆ ಹಾಕ್ಕಂಡು ಬರ್ರಿ," ಅಂದಳು. ನಾನು ನಕ್ಕೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಲೇಬರ್ ಆಫೀಸಿನಿಂದ ಗೋಡೌನಿನವನಿಗೆ ಕಾಗದ ಹೋಯಿತು. ಅವನು ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ಬಂದ. ಇವಳನ್ನು ತೆಗೆದೇ ಹಾಕುತ್ತಾನೆ ಎಂದು ಮಗ ಅಂದುಕೊಂಡಿದ್ದ, ಗಿರಣಿಯಲ್ಲಿ ಜಾಗ ಕೂಡ ಮಾಡಿಟ್ಟಿದ್ದ. ಒಂದು ಬೆಳಿಗ್ಗೆ ನಾವು ಮೂವರೂ ಇದ್ದಾಗ ಗೋಡೌನಿನವನು ಗಿರಣಿಯ ಮುಂದೆ ಬೈಕು ನಿಲ್ಲಿಸಿದ.

"ಏನಜ್ಜಿ, ನನ್ನ ಮ್ಯಾಲೆ ಫಿರ್ಯಾದಿ ಕೊಡಾಕೆ ದುರ್ಗಕ್ಕೇ ಹೋಗಿದ್ರಂತೆ?"

"ಹೋಗಿದ್ದೆ ಕಣಪ್ಪ. ಕುಂತ್ಕ, ಮಜ್ಜಿಗೆ ಕುಡಿ. ನಿನ್ನ ಪಾಲುದಾರ್ರ ಮನೆ ಅಲ್ವಾ?"

ಅವನಿಗೂ ನಗು ಬಂತು. ಕೆಟ್ಟವನೇನಲ್ಲ. ಮೇಲಿನವರು ತನಗೂ ಪಾರ್ಸಲ್ ಲೆಕ್ಕದಲ್ಲೇ ಕೊಡುತ್ತಾರೆ, ತಾನು ಎಲ್ಲಿಂದ ತರಲಿ ಎಂದ. ಅದು ನಿನ್ನ ಮೇಲಿನವರನ್ನು ಕೇಳು, ನನ್ನನ್ನಲ್ಲ ಎಂದೆ. ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು ವಿಷಯಕ್ಕೆ ಬಂದ. ಗೋಡೌನಿನ ಆರೇಳು ಜನರಲ್ಲಿ ಯಾರಿಗೆ ಹೇಗೆ ಬೇಕೋ ಹಾಗೆ. ಸಂಬಳ ಬೇಕೆಂದವರು ಎಂಟರಿಂದ ಐದು, ಪಿ.ಎಫ್. ಹಿಡಿಯುತ್ತಾನೆ, ಪೆಟ್ರೋಲು ಅವನದು, ಐದು ದಾಟಿದರೆ ಆ ಹೊತ್ತಿಗೆ ಎರಡರಷ್ಟು ಕೂಲಿ. ಪಾರ್ಸಲ್ ಲೆಕ್ಕವೇ ಬೇಕೆಂದವರು ತಮಗೆ ಬಿಡುವಾದಾಗ ಬರಲಿ, ಅವರಿಗೆ ದಂಡವೂ ಇಲ್ಲ, ಅಂಗಿಯೂ ಇಲ್ಲ. ತೋಟ ಇದ್ದ ಇಬ್ಬರು ಅದನ್ನೇ ಆರಿಸಿಕೊಂಡರು. ಅದೂ ನ್ಯಾಯವೇ. ಪಾಲಿನವನು ಪಾಲಿನವನಾಗಿಯೇ ಇರಲಿ.

ನನ್ನ ಸೊಸೆ ತಕ್ಷಣ ಹೂಂ ಅನ್ನಲಿಲ್ಲ. ಪಿ.ಎಫ್. ಹಿಡಿದರೆ ಕೈಗೆ ಕಡಿಮೆ ಬರುತ್ತದೆ, ನನ್ನ ಮೊಮ್ಮಗಳ ಶಾಲೆಯ ಮೀಟಿಂಗಿಗೆ ನಡುವೆ ಓಡಿ ಬರುವಂತಿಲ್ಲ. ನಾನು ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡೆ. ನಡುವೆ ಬಾಯಿ ಹಾಕದಿರುವುದು ನನಗೆ ಸುಲಭವಾಗಿರಲಿಲ್ಲ.

"ಸಂಬಳಕ್ಕೇ ಹಾಕ್ರಿ," ಅಂದಳು ಕೊನೆಗೆ. "ಮೀಟಿಂಗಿಗೆ ಇವ್ರು ಹೋಗ್ತಾರೆ," ಎಂದು ಗಂಡನನ್ನು ತೋರಿಸಿದಳು. ಅವನು ಹಿಟ್ಟಿನ ಮುಖದಲ್ಲೇ ತಲೆ ಆಡಿಸಿದ.

ಯುಗಾದಿ ಬಂತು, ಹೋಯಿತು. ಗಾಡಿ ನಿಲ್ಲಲಿಲ್ಲ. ಒಂದು ತಮಾಷೆ ಹೇಳಬೇಕು. ಜನ ಇವತ್ತೇ ಬೇಕು ಅಂತಾರೆ ಎಂದು ಎಂಟರವರೆಗೆ ಓಡಿಸುತ್ತಿದ್ದವನೇ ಈಗ ನಾಲ್ಕೂಮುಕ್ಕಾಲಿಗೆ ಫೋನು ಮಾಡಿ, "ಬರ್ರಿ ಬರ್ರಿ, ಉಳಿದಿದ್ದು ನಾಳೆ ಕೊಡಾಣ," ಅನ್ನುತ್ತಾನೆ. ಎರಡರಷ್ಟು ಕೊಡಬೇಕಾದಾಗ ಜನ ನಾಳೆಯವರೆಗೂ ಕಾಯುತ್ತಾರೆ ಎಂದು ಅವನಿಗೆ ಗೊತ್ತಾಗಿದೆ. ಹಳೆಯ ದೀಪಾವಳಿಯ ಕೂಲಿ ಬರಲಿಲ್ಲ. ಅದಕ್ಕೆ ನಾವೂ ಜಗ್ಗಾಡಲಿಲ್ಲ.

ಹಬ್ಬ ಹತ್ತಿರ ಬಂದರೆ ಮಾತ್ರ ಐದರ ಮೇಲೂ ಕೆಲಸ ಇರುತ್ತದೆ. ಆಗ ಹಿಂದಿನ ದಿನವೇ ಕೇಳುತ್ತಾನೆ, ಇವಳು ಇಷ್ಟ ಇದ್ದರೆ ನಿಲ್ಲುತ್ತಾಳೆ. ಬಿಟ್ಬಿಡು ಅಂದಿದ್ದ ನನ್ನ ಮಗ ಈಗ ಬೆಳಿಗ್ಗೆ ಅವಳು ಸ್ಕೂಟರ್ ಒರೆಸುವಾಗ ಹತ್ತಿರ ಹೋಗಿ ಮೆಲ್ಲಗೆ, "ಇವತ್ತು ಓಟಿ ಐತಾ?" ಎಂದು ಕೇಳುತ್ತಾನೆ.

"ಇದ್ರೆ ಮುದ್ದೆ ತಿರುವೋದು ನಿಂದು," ಅನ್ನುತ್ತೇನೆ ನಾನು ಒಳಗಿನಿಂದ.

ತಿರುವುತ್ತಾನೆ. ಇಡೀ ಊರಿಗೆ ಹಿಟ್ಟು ಮಾಡಿಕೊಡುವವನ ಕೈಯ ಮುದ್ದೆಯಲ್ಲಿ ಬರೀ ಗಂಟು. ಅವಳು ಬಂದು ಗಂಟನ್ನೂ ಬಿಡದೆ ಎರಡು ಮುದ್ದೆ ಉಣ್ಣುತ್ತಾಳೆ, ಹಸಿದಿರುತ್ತಾಳೆ.