ಐಸ್ ಪೆಟ್ಟಿಗೆಯ ಬೌಲರ್

ದೋಹಾದಲ್ಲಿ ಟವರುಗಳಿನ್ನೂ ಏಳುತ್ತಿದ್ದಾಗ ನಮ್ಮ ಶುಕ್ರವಾರದ ಕ್ರಿಕೆಟ್ ತಂಡದಲ್ಲೊಬ್ಬರು ವೇಗದ ಬೌಲರ್ ಇದ್ದರು. ಮೊದಲ ಓವರಿಗೆ ಭುಜ ಹಿಡಿದುಕೊಳ್ಳುವರು, ಎರಡನೆಯದಕ್ಕೆ ಮಂಡಿ. ಆಮೇಲೆ ನೋವಿಗೆಂದು ತಾವೇ ತಂದ ಐಸ್ ಪೆಟ್ಟಿಗೆಯ ಮೇಲೆ ಕೂತು, "ಮುಂದಿನ ಶುಕ್ರವಾರ ನೋಡಿ ಮಾರಾಯ್ರೆ!" ಎನ್ನುವರು. ಆ ಐಸಿನಲ್ಲೇ ನಮಗೆಲ್ಲ ತಣ್ಣನೆ ಮಜ್ಜಿಗೆಯೂ ಇರುತ್ತಿತ್ತು.

ಹೊಸ ಸೀಸನ್‌ಗೆ ಅವರನ್ನು ಇಟ್ಟುಕೊಳ್ಳಬೇಕೇ ಎಂದು ಕ್ಯಾಪ್ಟನ್ ಮನೆಯಲ್ಲಿ ಚರ್ಚೆಯಾಯಿತು.

"ಖಲಾಸ್, ಬಿಟ್ಟುಬಿಡುವ," ಎಂದೆ ನಾನು.

"ಮಜ್ಜಿಗೆ ನೀವು ತರ್ತೀರಾ?" ಎಂದರು ಕ್ಯಾಪ್ಟನ್.

ತಕ್ಷಣ ಎಲ್ಲರಿಗೂ ಅವರ ಅಪಾರ ಅನುಭವ ನೆನಪಾಯಿತು. ಸರ್ವಾನುಮತದಿಂದ ಉಳಿಸಿಕೊಂಡೆವು.

ಮೊದಲ ಪಂದ್ಯಕ್ಕೆ ಅವರು ಬರಿಗೈಯಲ್ಲಿ ಬಂದರು. "ಐಸ್ ಯಾಕೆ ಮಾರಾಯ್ರೆ, ಈಗ ನೋವೇ ಇಲ್ಲ!" ಎಂದು ಐದು ವಿಕೆಟ್ ಕಿತ್ತರು.

ಗೆದ್ದೆವು. ಒಣಗಿದ ಗಂಟಲಲ್ಲೇ ಕ್ಯಾಪ್ಟನ್ ನನ್ನನ್ನು ಕೇಳಿದರು: "ಮುಂದಿನ ವರ್ಷಕ್ಕೆ ಇವರು ಬೇಕಾ?"