ಹೋಟೆಲ್ ಬಾಗಿಲಲ್ಲಿ ಅಶ್ವತ್ಥಪ್ಪ

ಉರಿಗಾಂನ ಗಣಿ ಕೂಲಿ ಅಶ್ವತ್ಥಪ್ಪನನ್ನು ಮಕ್ಕಳು ಎರಡು ದಿನವಾದರೂ ದೊರೆಯ ಹಾಗೆ ನೋಡಲಿ ಎಂದು ಹೆಂಡತಿ ಗಂಗರತ್ನಮ್ಮ ಹಟ ಹಿಡಿದು ಊಟಿಗೆ ಹೊರಡಿಸಿದ್ದಳು. ಬಸ್ಸಿಳಿದದ್ದೇ ಮಳೆ ಹಿಡಿಯಿತು. ಒಂದು ಹೋಟೆಲಿಗೆ ಓಡಿದರು. ಒದ್ದೆ ಛತ್ರಿ ಇಸಿದುಕೊಳ್ಳಲು ಬಾಗಿಲ ಕಾವಲುಗಾರ ಕೈ ಚಾಚಿದ. ಛತ್ರಿ ಕೆಳಗೆ ಬಿತ್ತು. ಅಶ್ವತ್ಥಪ್ಪ ಎರಡೂ ತೋಳೆತ್ತಿ, ಬಾಯಿ ತೆರೆದು ನಿಂತುಬಿಟ್ಟ. ಪಾಳಿ ಮುಗಿದ ಮೇಲೆ, ಚಿನ್ನ ಕದ್ದಿಲ್ಲವೆಂದು ತೋರಿಸಲು ಗಣಿಯ ಗೇಟಿನಲ್ಲಿ ದಿನವೂ ನಿಲ್ಲುತ್ತಿದ್ದುದು ಹಾಗೆಯೇ.

ಮಕ್ಕಳು ಕಿಸಕ್ಕನೆ ನಕ್ಕರು.

“ಕೈ ಇಳ್ಸಿ ಅಂದ್ರೆ! ಇಲ್ಲೇನ್ ಕದ್ದೀರಾ?” ಎಂದಳು ಗಂಗರತ್ನಮ್ಮ.

“ರೂಢಿ ಕಣೇ,” ಎಂದ ಅವನು, ತೋಳು ಇಳಿಸದೆ.

ಕಾವಲುಗಾರನೂ ನಕ್ಕು, ತಮಾಷೆಗೆ ಅವನ ಸೊಂಟ ತಡವಿದ. ಅಶ್ವತ್ಥಪ್ಪ ಕದಲದೆ ತಡವಿಸಿಕೊಂಡ. ಗಂಗರತ್ನಮ್ಮ ಛತ್ರಿ ಎತ್ತಿಕೊಂಡು, ಬಿಡಿಸಿ, ಮಕ್ಕಳ ಕಣ್ಣಿಗೆ ಅಡ್ಡ ಹಿಡಿದಳು.